ಅದು ತುಕ್ಕಿನ ಕಲೆಯಲ್ಲ

ಒಗೆದರೂ ಹೋಗದ ಕಲೆ ಯಾರ ಮನೆಯಲ್ಲಿ ಇಲ್ಲ ಹೇಳಿ. ಆದರೆ ಬೀಗದಂಗಡಿಯವರ ಮನೆಯಲ್ಲಿ ಕಲೆಯೇ ಹಿರಿಯ ಸದಸ್ಯ. ಕೂತರೆ ತುಕ್ಕು, ಎದ್ದರೆ ತುಕ್ಕು, ತಲೆದಿಂಬಿನ ಮೇಲೂ ತುಕ್ಕು. ಸುತ್ತಲಿನ ಬೀದಿಗಳ ಮುದಿ ಬೀಗಗಳೆಲ್ಲ ಅಲ್ಲಿಗೇ ಬಂದು ಸೀಮೆಎಣ್ಣೆ ಡಬ್ಬಿಯಲ್ಲಿ ಮುಳುಗಿ ಮಲಗುತ್ತಿದ್ದವು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹೊರಗಿನಿಂದ ಹತ್ತುವ ಕಿರಿದಾದ ಮೆಟ್ಟಿಲು. ಆ ಮೆಟ್ಟಿಲ ಗೋಡೆಯ ಬಣ್ಣ ಮೊದಲು ಏನಿತ್ತೆಂದು ದೇವರಿಗೂ ನೆನಪಿಲ್ಲ.

ಅರ ಹಿಡಿದು ಬೀಗದಕೈ ಕೊರೆಯುವವಳು ಹೆಂಡತಿ. ಎಲ್ಲರ ಬಾಯಲ್ಲೂ ಅವಳು ಬೀಗದಕ್ಕ. ಬೀಗಕ್ಕೆ ಕಿವಿ ಇಟ್ಟು, ಒಳಗಿನ ಸದ್ದು ಕೇಳಿ ತೆರೆಯುವವನು ಗಂಡ, ಬೀಗದಣ್ಣ. ಅವನ ಮಾತನ್ನು ತೂಕಕ್ಕೆ ಹಾಕಿದರೆ ತಕ್ಕಡಿ ಅಲ್ಲಾಡದು. ಅವಳ ಮಾತಿಗೆ ತಕ್ಕಡಿಯೇ ಮುರಿದೀತು. ಒಮ್ಮೆ ಒಂದು ಕಬ್ಬಿಣದ ಪೆಟ್ಟಿಗೆ ಬೀಗದಣ್ಣನಿಗೂ ಬಗ್ಗದೆ ಕೂತಿತ್ತಂತೆ. ಟೀ ಲೋಟ ಹಿಡಿದು ಬಂದ ಬೀಗದಕ್ಕ ಅದರ ಏಳು ತಲೆಮಾರನ್ನೂ ಜಾಲಾಡಿದಳಂತೆ. ಪೆಟ್ಟಿಗೆ ಮಾನಕ್ಕೆ ಅಂಜಿ ತಾನಾಗಿ ತೆರೆದುಕೊಂಡಿತಂತೆ. ಕಂಡವರು ಯಾರೂ ಇಲ್ಲ, ಕೇಳಿದವರು ಊರೆಲ್ಲ.

ಇಂಥ ಬೀಗದಕ್ಕ ಒಂದೇ ಒಂದು ವಿಷಯಕ್ಕೆ ತುಟಿ ಹೊಲಿದುಕೊಂಡಳು. ಮುಟ್ಟು ನಿಂತು ಅವಳಿಗೆ ವರ್ಷಗಳೇ ಆಗಿದ್ದವು. ಪೀಡೆ ತೊಲಗಿತು ಎಂದು ಹಾಯಾಗಿದ್ದಳು. ಒಂದು ಬೆಳಿಗ್ಗೆ ಬಟ್ಟೆಯಲ್ಲಿ ರಕ್ತದ ಗುರುತು ಕಂಡಿತು. ಕೆಲವು ದಿನ ಬಿಟ್ಟು ಮತ್ತೆ ಕಂಡಿತು. ನೋವಿಲ್ಲ, ಜ್ವರವಿಲ್ಲ, ಸುಸ್ತೂ ಇಲ್ಲ.

ಗಂಡನ ತಂಗಿ ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಸದಾ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದರಿಂದ ಅವಳಿಗೆ ಸೂಜಿ ಎಂದೇ ಹೆಸರು. ಬೀಗದಕ್ಕ ಅವಳೊಬ್ಬಳ ಹತ್ತಿರ ಗುಟ್ಟು ಬಿಚ್ಚಿದಳು. ಸೂಜಿ ತಲೆ ಎತ್ತಲಿಲ್ಲ, ಯಂತ್ರ ನಿಲ್ಲಿಸಲಿಲ್ಲ.

"ಅದಕ್ಕ್ಯಾಕೆ ತಲೆ ಕೆಡಿಸ್ಕೊತೀರಾ ಅತ್ತಿಗೆ. ಮೈಗೆ ಮತ್ತೆ ಹರೆಯ ಬಂದಿದೆ ಅಷ್ಟೆ. ಯಾರ ಹತ್ರಾನೂ ಹೇಳ್ಬೇಡಿ, ನಗ್ತಾರೆ."

ಬೀಗದಕ್ಕನಿಗೆ ಒಳಗೊಳಗೇ ಒಂದಿಷ್ಟು ಹಿಗ್ಗೂ ಆಯಿತು. ಆ ದಿನ ಕನ್ನಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

ಆ ಮನೆಯಲ್ಲಿ ಬಟ್ಟೆ ಒಗೆಯುವವನು ಬೀಗದಣ್ಣ. ಅರ ಉಜ್ಜಿ ಬಿರುಕು ಬಿಟ್ಟ ಹೆಂಡತಿಯ ಕೈಗೆ ಸಾಬೂನು ತಾಗಿದರೆ ಉರಿ ಎಂದು, ಮದುವೆಯಾದ ಹೊಸದರಲ್ಲೇ ಬಕೆಟ್ಟು ಅವನ ಪಾಲಿಗೆ ಬಂದಿತ್ತು. ಒಂದು ದಿನ ಅವಳ ಲಂಗವನ್ನು ಬೆಳಕಿಗೆ ಹಿಡಿದು, ಇದೇನು ಕಲೆ ಎಂದು ಕೇಳಿದ. ತುಕ್ಕು, ಬೀಗ ಮಡಿಲಲ್ಲಿಟ್ಟುಕೊಂಡಿದ್ದೆ ಎಂದಳು. ತುಕ್ಕಿಗೆ ಅವರ ಮನೆಯಲ್ಲಿ ಮದ್ದಿದೆ: ನಿಂಬೆಹಣ್ಣು, ಉಪ್ಪು, ಬಿಸಿಲು. ಅವನು ಉಜ್ಜಿದ, ಹೋಗಲಿಲ್ಲ. ಇನ್ನೊಂದು ಹೋಳು ಉಜ್ಜಿದ, ಕಲೆ ಕಂದು ತಿರುಗಿ ಗಟ್ಟಿಯಾಗಿ ಕೂತಿತು. ಈ ವರ್ಷದ ತುಕ್ಕಿಗೆ ಏನೋ ಹಠ ಎಂದು ಗೊಣಗಿ ತಂತಿಗೆ ಹಾಕಿದ. ಹೀಗೇ ತಿಂಗಳುಗಳು ಉರುಳಿದವು. ಮಾರುಕಟ್ಟೆಗೆ ಬಂದ ನಿಂಬೆಹಣ್ಣೆಲ್ಲ ಆ ಮನೆಗೇ ಹೋಗಿ ಊರಲ್ಲಿ ಹುಳಿಗೇ ಬರ ಬಂತು ಎನ್ನುತ್ತಾರೆ. ನಂಬುವವರು ನಂಬಿ.

ಬೀಗದಕ್ಕನ ತಂಗಿಯ ಮಗಳು, ಕೆಲಸಕ್ಕೆ ಹತ್ತಿರವೆಂದು, ಅವರ ಜೊತೆಗೇ ಇದ್ದಳು. ಹೆಸರಿಗೆ ಗುಬ್ಬಿ, ಎತ್ತರಕ್ಕೆ ದೀಪದ ಕಂಬ. ಅವಳದು ಒಂದು ಪ್ರಯೋಗಾಲಯದಲ್ಲಿ ಜೀವಕೋಶ ಸಾಕುವ ಕೆಲಸ. ಬರಿಗಣ್ಣಿಗೆ ಕಾಣದ ಕೋಶಗಳನ್ನು ಮುಚ್ಚಳವಿರುವ ಪುಟ್ಟ ತಟ್ಟೆಗಳಲ್ಲಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕಾಪಾಡಿ, ಕೆಂಪಗಿನ ದ್ರವ ಉಣಿಸಿ ಬೆಳೆಸುವುದು. ಕಾಣದ ಕುರಿ ಕಾಯುವವಳು ಎಂದು ದೊಡ್ಡಮ್ಮ ಅವಳನ್ನು ಛೇಡಿಸುತ್ತಿದ್ದಳು. ಸಂಜೆ ಮನೆಗೆ ಬಂದ ಕೂಡಲೇ, ಇವತ್ತು ನಿನ್ನ ಕುರಿ ಎಷ್ಟು ಮರಿ ಹಾಕಿದವು ಎಂದು ವಿಚಾರಿಸುತ್ತಿದ್ದಳು.

ಒಂದು ರಜೆಯ ದಿನ ಬೀಗದಣ್ಣನ ಸೊಂಟ ಹಿಡಿದುಕೊಂಡಿತು. ಬಕೆಟ್ಟು ಗುಬ್ಬಿಯ ಕೈಗೆ ಬಂತು. ನಿಂಬೆಹಣ್ಣು ಮುಗಿದಿತ್ತು. ದೊಡ್ಡಪ್ಪನ ಅಂಗಿಯನ್ನು ಒಂದು ಬಕೆಟ್ಟಿನಲ್ಲಿ, ದೊಡ್ಡಮ್ಮನ ಲಂಗವನ್ನು ಇನ್ನೊಂದರಲ್ಲಿ ಬರೀ ತಣ್ಣೀರಿಗೆ ನೆನೆಹಾಕಿದಳು. ಬಂದು ನೋಡಿದರೆ ಲಂಗದ ಹೊಸ ಕಲೆ ಕರಗಿ ನೀರು ನಸುಗೆಂಪಾಗಿತ್ತು. ಅಂಗಿಯ ಕಲೆ ಕೂತಲ್ಲೇ ಕೂತಿತ್ತು. ತುಕ್ಕು ತಣ್ಣೀರಿಗೆ ಕರಗುವುದಿಲ್ಲ. ತಣ್ಣೀರಿಗೆ ಕರಗುವುದು ಯಾವುದೆಂದು ಯಾವ ಹೆಣ್ಣಿಗೂ ಹೇಳಿಕೊಡಬೇಕಿಲ್ಲ.

ಗುಬ್ಬಿ ಒದ್ದೆ ಲಂಗ ಹಿಡಿದೇ ಮೆಟ್ಟಿಲಿಳಿದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ.

"ದೊಡ್ಡಮ್ಮ, ಇದು ತುಕ್ಕಲ್ಲ."

ಬೀಗದಕ್ಕ ಅರ ಕೆಳಗಿಟ್ಟಳು. ಆಮೇಲೆ ಶುರುವಾಯಿತು ನೋಡಿ. ನನ್ನ ಬಟ್ಟೆ ಮುಟ್ಟು ಎಂದು ನಿನಗೆ ಹೇಳಿದವರಾರು, ಕಂಡವರ ಬಕೆಟ್ಟಿನಲ್ಲಿ ಇಣುಕುವುದನ್ನೇ ನಿನ್ನ ಪ್ರಯೋಗಾಲಯದಲ್ಲಿ ಕಲಿಸುತ್ತಾರಾ, ನಿನ್ನಮ್ಮನಿಗೆ ಹೇಳಿ ನಿನ್ನ ಪೆಟ್ಟಿಗೆ ಕಟ್ಟಿಸುತ್ತೇನೆ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಗೋಡೆಗೆ ನೇತುಹಾಕಿದ ಬೀಗದಕೈಗಳು ಹೆದರಿ ಕಿಣಿಕಿಣಿ ಅಂದವು. ಗುಬ್ಬಿ ಕದಲಲಿಲ್ಲ.

"ಬಂದಿರೋದು ಹರೆಯ ಕಣೇ. ನಿನಗ್ಯಾಕೆ ಹೊಟ್ಟೆಕಿಚ್ಚು?"

"ವರ್ಷಗಟ್ಟಲೆ ನಿಂತ ಮುಟ್ಟು ಮತ್ತೆ ಬರಲ್ಲ ದೊಡ್ಡಮ್ಮ. ರಕ್ತ ಬಂದ್ರೆ ಅದು ಮುಟ್ಟಲ್ಲ. ಯಾಕೆ ಬರ್ತಿದೆ ಅಂತ ತೋರಿಸ್ಲೇಬೇಕು."

ಹಿಂದೆ ಸದ್ದಾಯಿತು. ಬೀಗದಣ್ಣ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದ. ಅವನು ಲಂಗ ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ.

"ಇಷ್ಟು ತಿಂಗಳು ನಿನ್ನ ರಕ್ತಕ್ಕೆ ನಿಂಬೆಹಣ್ಣು ಉಜ್ಜಿದೀನಿ ನಾನು."

ಅವನು ಗುಬ್ಬಿಯ ಕೈಯಿಂದ ಲಂಗ ತೆಗೆದುಕೊಂಡ.

"ಬೀಗದೊಳಗೆ ಯಾವ ಪಿನ್ನು ಸವೆದಿದೆ ಅಂತ ಸದ್ದಲ್ಲೇ ಹೇಳ್ತೀನಿ. ಹೆಂಡ್ತಿ ರಕ್ತ ಕೈಯಲ್ಲೇ ಇತ್ತು, ಗೊತ್ತಾಗ್ಲಿಲ್ಲ. ನೀನು ಸುಳ್ಳು ಹೇಳ್ದೆ. ನಾನೂ ಇನ್ನೊಂದ್ಸಲ ಕೇಳ್ಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು."

ಮದುವೆಯಾದ ಮೇಲೆ ಅವನು ಒಟ್ಟಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ಆದರೂ ಬೀಗದಕ್ಕ ಜಗ್ಗಲಿಲ್ಲ. ಈ ವಯಸ್ಸಿನಲ್ಲಿ ಪರರ ಮುಂದೆ ಬಟ್ಟೆ ಸರಿಸಿ ಮಲಗುವುದಕ್ಕಿಂತ ಹೀಗೇ ಇರುತ್ತೇನೆ, ಅಂಗಡಿ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದು ಕೂತಳು.

ಬೀಗದಣ್ಣ ವಾದ ಮಾಡಲಿಲ್ಲ. ಹೆಂಡತಿಯನ್ನು ತೋಳು ಹಿಡಿದು ಬೀದಿಗೆ ನಿಲ್ಲಿಸಿದ. ನಡುಹಗಲಿನಲ್ಲಿ ಶಟರ್ ಎಳೆದ. ಅಂಗಡಿಯ ಅತಿ ಭಾರದ ಬೀಗ ಜಡಿದು, ಬೀಗದಕೈ ತಿರುಗಿಸಿ, ಅದನ್ನು ಬೀಗದೊಳಗೇ ಲಟಕ್ಕನೆ ಮುರಿದ. ಬೀಗದವರಿಗೆ ಅದಕ್ಕಿಂತ ಕೆಟ್ಟ ಬೈಗುಳ ಬೇರೆ ಇಲ್ಲ. ಬೇರೆ ಬೀಗದಕೈ ತೂರಿಸಲು ದಾರಿಯಿಲ್ಲ; ಮುರಿದದ್ದನ್ನು ಕೀಳೋಣವೆಂದರೆ ಚಿಮುಟ, ಗರಗಸ, ಅರ ಎಲ್ಲ ಒಳಗೆ.

"ಆಸ್ಪತ್ರೆಗೆ ಹೋಗಿಬಾ. ಆಮೇಲೆ ಇದು ತೆಗೀತೀನಿ."

ಬೀಗದಕ್ಕ ಬೀದಿಯುದ್ದಕ್ಕೂ ಬೈದುಕೊಂಡೇ ಆಸ್ಪತ್ರೆಗೆ ಹೋದಳು. ದಾರಿಯಲ್ಲಿ ಬೊಗಳುತ್ತಿದ್ದ ನಾಯಿಗಳು ಇವಳ ಮುಂದೆ ನಮ್ಮದೇನು ಎಂದು ಬಾಲ ಮುದುರಿದವು.

ಡಾಕ್ಟರಮ್ಮ ನೇರ ಮಾತಿನವಳು. ಇಂಥ ರಕ್ತಸ್ರಾವಕ್ಕೆ ಹೆಚ್ಚಿನವರಲ್ಲಿ ಸಣ್ಣಪುಟ್ಟ ಕಾರಣಗಳೇ ಇರುತ್ತವೆ, ಆದರೆ ನೋಡದೆ ಯಾರೂ ಹೇಳಲಾರರು ಎಂದಳು. ಹೊಟ್ಟೆ ಸ್ಕ್ಯಾನ್ ಮಾಡಿಸಿದಳು. ಗರ್ಭಕೋಶದ ಒಳಪದರ ದಪ್ಪವಾಗಿತ್ತು. ಸಣ್ಣ ಕೊಳವೆ ಹಾಕಿ ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಕೆಳಹೊಟ್ಟೆ ಹಿಂಡಿದಂತಾಯಿತು, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಇಷ್ಟಕ್ಕಾ ನಾನು ಇಷ್ಟು ದಿನ ಹೆದರಿದ್ದು ಎಂದು ಬೀಗದಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು.

ಫಲಿತಾಂಶ ಬಂದ ದಿನ ಸೂಜಿಯೂ ಸೇರಿ ನಾಲ್ವರೂ ಹೋಗಿದ್ದರು. ಕ್ಯಾನ್ಸರ್. ಗರ್ಭಕೋಶದೊಳಗೇ ಇದೆ, ಹೊರಗೆ ಹರಡಿದಂತೆ ಕಾಣುವುದಿಲ್ಲ, ಗರ್ಭಕೋಶ ತೆಗೆಯಬೇಕು. ಮೊದಲ ಸಲ ಕಂಡಾಗಲೇ ಬಂದಿದ್ದರೆ ಎಂದು ಬೀಗದಕ್ಕ ಕೇಳಿದಳು. ಇನ್ನೂ ಒಳ್ಳೆಯದಿತ್ತು ಎಂದಳು ಡಾಕ್ಟರಮ್ಮ. ಇನ್ನೂ ತಡ ಮಾಡಿದ್ದರೆ ಎಂದು ಕೇಳಿದಳು. ಅದನ್ನು ಕೇಳಬೇಡ, ಈಗ ಬಂದೆಯಲ್ಲ ಎಂದಳು ಡಾಕ್ಟರಮ್ಮ. ಸೂಜಿ ಮೂಲೆಯಿಂದ ಮೆಲ್ಲಗೆ ಕೇಳಿದಳು, ಒಂದೇ ಒಂದು ತೊಟ್ಟು ಬಂದರೂ ತೋರಿಸಬೇಕಾ ಎಂದು. ತೋರಿಸಲೇಬೇಕು ಎಂಬ ಉತ್ತರ ಬಂದಾಗ ಅವಳು ಗೋಡೆಯ ಕಡೆ ತಿರುಗಿ ನಿಂತಳು. ಆಗ ಅದನ್ನು ಯಾರೂ ಗಮನಿಸಲಿಲ್ಲ.

ಹೊರಗಿನ ಬೆಂಚಿನ ಮೇಲೆ ಬೀಗದಕ್ಕನ ಸಿಟ್ಟು ಮತ್ತೆ ಹೊತ್ತಿಕೊಂಡಿತು. "ಈ ಕಳ್ಳ ಎಲ್ಲಿಂದ ಬಂದ್ನೇ? ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?"

"ಹೊರಗಿಂದ ಯಾರೂ ಬಂದಿಲ್ಲ ದೊಡ್ಡಮ್ಮ. ಮನೆಯವನೇ ಕೆಟ್ಟಿದಾನೆ," ಎಂದಳು ಗುಬ್ಬಿ.

ಅವಳು ಅಂಗಡಿಯ ಭಾಷೆಯಲ್ಲೇ ಬಿಡಿಸಿ ಹೇಳಿದಳು. ಗರ್ಭಕೋಶದ ಒಳಪದರದ ಕೋಶಗಳಿಗೆ ಪುಟ್ಟ ಪುಟ್ಟ ಬೀಗಗಳಿವೆ. ರಕ್ತದಲ್ಲಿ ಓಡಾಡುವ ಹಾರ್ಮೋನುಗಳು ಅವುಗಳ ಬೀಗದಕೈಗಳು. ಈಸ್ಟ್ರೋಜನ್ ಎಂಬುದು ಬಂದು ತಿರುಗಿದರೆ, ಬೆಳಿ, ನಿನ್ನಂಥದ್ದೇ ಇನ್ನೊಂದು ಮಾಡು ಎಂದು ಕೋಶಕ್ಕೆ ಅಪ್ಪಣೆ. ಪ್ರೊಜೆಸ್ಟರಾನ್ ಎಂಬುದು ಬಂದರೆ, ಸಾಕು ನಿಲ್ಲಿಸು ಎಂದು ಅಪ್ಪಣೆ. ಮುಟ್ಟು ನಿಂತ ಮೇಲೆ ಎರಡೂ ಇಳಿಯುತ್ತವೆ. ಆದರೆ ಬೆಳಿ ಎನ್ನುವುದನ್ನು ಮೈಯ ಕೊಬ್ಬು ಚೂರುಚೂರೇ ತಯಾರಿಸುತ್ತ ಇರುತ್ತದೆ. ಸಾಕು ಎನ್ನುವವರು ಮಾತ್ರ ಇರುವುದಿಲ್ಲ.

"ನನ್ನ ಹೊಟ್ಟೆ ಮೇಲ್ಯಾಕೆ ಕಣ್ಣು ಹಾಕ್ತೀಯಾ?"

ತೆಳ್ಳಗಿರುವವರಿಗೂ ಬರುತ್ತದೆ, ದಪ್ಪಗಿರುವವರೆಲ್ಲರಿಗೂ ಬರುವುದಿಲ್ಲ, ಬಂದವರದ್ದು ತಪ್ಪೂ ಅಲ್ಲ ಎಂದಳು ಗುಬ್ಬಿ. ಆಮೇಲೆ ಅಂಗಡಿಯ ನಿಯಮವೊಂದನ್ನು ನೆನಪಿಸಿದಳು. ನಕಲಿನಿಂದ ನಕಲು ತೆಗೆಯಬಾರದು. ಮೂಲ ಬೀಗದಕೈಯಿಂದ ತೆಗೆದ ನಕಲು ಸರಿಯಿರುತ್ತದೆ. ಆ ನಕಲಿನಿಂದ ಇನ್ನೊಂದು, ಅದರಿಂದ ಮತ್ತೊಂದು ತೆಗೆದರೆ ಹಲ್ಲು ಕೂದಲೆಳೆಯಷ್ಟು ಜರುಗುತ್ತಾ ಜರುಗುತ್ತಾ ಕೊನೆಗೆ ಯಾವ ಬೀಗಕ್ಕೂ ಹೊಂದದ ದರಿದ್ರ ಒಂದು ಹುಟ್ಟುತ್ತದೆ. ಕೋಶವೂ ಅಷ್ಟೇ. ನಿಲ್ಲಿಸದೆ ನಕಲು ಮಾಡುತ್ತ ಹೋದರೆ ಎಲ್ಲೋ ಒಂದು ತಪ್ಪು ನುಸುಳುತ್ತದೆ, ತಪ್ಪಿನ ಮೇಲೆ ತಪ್ಪು ಕೂಡುತ್ತದೆ.

ಬೀಗದಕ್ಕನಿಗೆ ಮೊದಲ ಬಾರಿಗೆ ತನ್ನ ಕಾಯಿಲೆ ಅರ್ಥವಾಯಿತು. ಅರ್ಥವಾದಷ್ಟೂ ಕೋಪ ಹೆಚ್ಚಿತು. ನಕಲಿನ ನಕಲು ತಂದ ಎಷ್ಟೋ ಗಿರಾಕಿಗಳನ್ನು ಅವಳು ಬಾಗಿಲಿಂದಲೇ ಓಡಿಸಿದ್ದಳು. ತನ್ನ ಹೊಟ್ಟೆಯಲ್ಲೇ ಆ ಕೆಲಸ ನಡೆಯುತ್ತಿತ್ತಲ್ಲ ಎಂದು ಹಲ್ಲು ಕಡಿದಳು.

ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದಳು. ತೆಗೆದ ಗಡ್ಡೆಯಲ್ಲಿ ಪರೀಕ್ಷೆಗೆ ಬೇಕಾದದ್ದು ಹೋಗಿ ಉಳಿದ ಚೂರನ್ನು ಸಂಶೋಧನೆಗೆ ಕೊಡುತ್ತೀಯಾ. ಕೊಡದಿದ್ದರೂ ಚಿಕಿತ್ಸೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕೊಟ್ಟರೆ ಹೆಸರು ಹೊರಗೆ ಬರುವುದಿಲ್ಲ. ಸೂಜಿ ತಕ್ಷಣ ಅತ್ತಿಗೆಯ ತೋಳು ಜಗ್ಗಿ, ಕೊಡಬೇಡಿ, ಮಾರಿಕೊಳ್ಳುತ್ತಾರೆ ಎಂದು ಪಿಸುಗುಟ್ಟಿದಳು. ಬೀಗದಕ್ಕ ಗುಬ್ಬಿಯ ಕಡೆ ತಿರುಗಿದಳು.

"ಅದನ್ನ ತಗೊಂಡು ಏನ್ ಮಾಡ್ತೀರಾ?"

"ತಟ್ಟೇಲಿಟ್ಟು, ಬೆಚ್ಚಗಿನ ಪೆಟ್ಟಿಗೇಲಿ ಇಟ್ಟು, ಊಟ ಹಾಕ್ತೀವಿ."

ಆಸ್ಪತ್ರೆಯ ಕಿಟಕಿ ಗಾಜುಗಳು ಅದುರಿದವಂತೆ. ನನ್ನನ್ನು ತಿಂದ ಆ ಪಾಪಿಗೆ ಬೆಚ್ಚಗೆ ಹೊದಿಸಿ ಊಟ ಹಾಕುತ್ತೀಯಾ, ನನ್ನ ಮನೆಯ ಅನ್ನ ತಿಂದು ನನ್ನ ಕಳ್ಳನಿಗೆ ಬಡಿಸುತ್ತೀಯಾ ಎಂದು ಬೀಗದಕ್ಕ ಎದ್ದು ನಿಂತಳು. ಗುಬ್ಬಿ ಕಾದಳು. ಕೂಗು ಇಳಿದ ಮೇಲೆ ಹೇಳಿದಳು.

"ಸತ್ತ ಕಳ್ಳನ್ನ ವಿಚಾರಿಸೋಕಾಗುತ್ತಾ ದೊಡ್ಡಮ್ಮ? ಬದುಕಿದ್ರೆ ತಾನೇ ಯಾವ ಬೀಗ ತಿರುಗಿದ್ದಕ್ಕೆ ಕೆಟ್ಟ, ಯಾವ ಔಷಧಿಗೆ ಹೆದರ್ತಾನೆ ಅಂತ ನೋಡೋದು."

ದೊಡ್ಡಪ್ಪ ಅಂಗಡಿಗೆ ಮಾಡಿದ್ದನ್ನೇ ಕೆಲವು ಔಷಧಿ ಕೋಶಕ್ಕೆ ಮಾಡುತ್ತವೆ ಎಂದು ವಿವರಿಸಿದಳು. ಮುರಿದ ಬೀಗದಕೈಯಂತೆ ಬೀಗದೊಳಗೆ ಸಿಕ್ಕಿಕೊಂಡು ಕೂರುತ್ತವೆ. ಬೆಳಿ ಎನ್ನುವ ಹಾರ್ಮೋನು ತೂರಲು ಜಾಗವೇ ಇರುವುದಿಲ್ಲ. ಆದರೆ ತೊಡಕೂ ಇದೆ. ಎದೆಯ ಕ್ಯಾನ್ಸರಿಗೆ ಕೊಡುವ ಅಂಥದ್ದೊಂದು ಔಷಧಿ ಎದೆಯಲ್ಲಿ ಬೀಗ ತಡೆಯುತ್ತದೆ, ಕೆಲವೊಮ್ಮೆ ಗರ್ಭಕೋಶದಲ್ಲಿ ಅದೇ ಬೀಗವನ್ನು ತಿರುಗಿಸಿಬಿಡುತ್ತದೆ. ಹಾಗೆಂದು ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬಾರದು. ಅದರಿಂದ ಉಳಿದ ಜೀವಗಳು ಬಹಳ. ಎಲ್ಲಿ ಯಾವುದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲಿಕ್ಕೇ ಈ ತಟ್ಟೆಗಳು. ಇನ್ನೂ ಮಕ್ಕಳಾಗಬೇಕಾದ ಹುಡುಗಿಯರಿಗೆ ಈ ಕಾಯಿಲೆ ಬಂದರೆ ಗರ್ಭಕೋಶ ಉಳಿಸಲು ದಾರಿ ಬೇಕಲ್ಲ.

"ಅಂದ್ರೆ ನನಗೆ ಔಷಧಿ ಸಿಗುತ್ತಾ ಇದರಿಂದ?"

"ನಿನಗೆ ಏನೂ ಸಿಗದೇ ಇರಬಹುದು. ತಟ್ಟೇಲಿ ಸತ್ತಿದ್ದು ಮೈಯಲ್ಲೂ ಸಾಯುತ್ತೆ ಅಂತ ಹೇಳಕ್ಕಾಗಲ್ಲ. ವರ್ಷಗಟ್ಟಲೆ ಹಿಡಿಯುತ್ತೆ. ಸುಳ್ಳು ಹೇಳಲ್ಲ ನಿನ್ನ ಹತ್ರ."

ಬೀಗದಕ್ಕ ಯೋಚಿಸಿದಳು. ಕೊನೆಗೆ ಒಪ್ಪಿಗೆಗೆ ಸಹಿ ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ.

"ಊಟ ಹಾಕು. ಆದ್ರೆ ಪ್ರೀತಿಯಿಂದ ಹಾಕ್ಬೇಡ."

ಆಪರೇಷನ್ ಆಯಿತು. ಕಾಯಿಲೆ ಗರ್ಭಕೋಶ ದಾಟಿರಲಿಲ್ಲ. ತಪ್ಪದೆ ತಪಾಸಣೆಗೆ ಬಾ ಎಂದು ಹೇಳಿ ಮನೆಗೆ ಕಳಿಸಿದರು. ಬೀಗದಣ್ಣ ಚಿಮುಟ ಸಾಲ ತಂದು ಶಟರಿನ ಬೀಗದಿಂದ ಮುರಿದ ಚೂರನ್ನು ತೆಗೆದ.

ಗಾಯ ಒಣಗುತ್ತಿರುವಾಗ ಒಂದು ಮಧ್ಯಾಹ್ನ ಸೂಜಿ ಬಂದಳು. ಹೊಟ್ಟೆಗೆ ಒತ್ತದಂತೆ ಸಡಿಲವಾಗಿ ಹೊಲಿದ ಉಡುಪು ತಂದಿದ್ದಳು. ಅದರ ಅಂಚು ಮಡಿಸಿ ಗುಂಡುಸೂಜಿ ಚುಚ್ಚುತ್ತ, ಮುಖ ಕೆಳಗೆ ಹಾಕಿಕೊಂಡೇ ಹೇಳಿದಳು.

"ನಂಗೂ ಬರ್ತಿದೆ ಅತ್ತಿಗೆ. ನಿಮಗಿಂತ ಮೊದಲಿಂದ್ಲೇ."

ಬೀಗದಕ್ಕ ಮಂಚದ ಮೇಲೆ ನೆಟ್ಟಗೆ ಕೂತಳು. "ಮತ್ತೆ ಹರೆಯ ಅಂದಿದ್ದು?"

"ನನಗೆ ನಾನೇ ಹೇಳ್ಕೊಂಡಿದ್ದು ಅದು. ಅದನ್ನೇ ನಿಮಗೂ ಹೇಳ್ದೆ. ಇಬ್ಬರಿಗೂ ಹಾಗೇ ಆಗ್ತಿದ್ರೆ ನಿಜಾನೇ ಇರ್ಬೋದು ಅನ್ನಿಸ್ತು."

ಕೆಳಗೆ ಅಂಗಡಿಯಲ್ಲಿದ್ದ ಬೀಗದಣ್ಣ ಇನ್ನೇನು ಛಾವಣಿ ಹಾರಿಹೋಗುತ್ತದೆ ಎಂದು ಕಾದ. ಹಾರಲಿಲ್ಲ. ಬೀಗದಕ್ಕನಿಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅದಕ್ಕೆ ತಕ್ಕ ಬೈಗುಳ ಅವಳಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿದ ಆ ಬೆನ್ನು ಈಗ ಕಣ್ಣಿಗೆ ಕಟ್ಟಿತು. ತನ್ನನ್ನು ಆಪರೇಷನ್ನಿಗೆ ಕಳಿಸಿ, ಹೊರಗೆ ಬೆಂಚಿನ ಮೇಲೆ ರಕ್ತ ಒಸರಿಸಿಕೊಂಡು ಕೂತಿದ್ದಳಲ್ಲ ಇವಳು. ನಗುತ್ತಾರೆ ಎಂಬ ಒಂದು ಹೆದರಿಕೆಗೆ ಎರಡು ಹೆಣ ಬೀಳುವುದರಲ್ಲಿತ್ತಲ್ಲ.

ಅವಳು ಅಂಗೈ ಚಾಚಿದಳು.

"ಮೊದಲು ಆ ಸೂಜಿ ಉಗುಳು. ಚಪ್ಪಲಿ ಹಾಕ್ಕೋ."

ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದು ಕೈಯಲ್ಲಿ ನಾದಿನಿಯ ಮುಂಗೈ ಹಿಡಿದು ಬೀಗದಕ್ಕ ಮೆಟ್ಟಿಲಿಳಿದಳು. ಬೀಗದಣ್ಣ ಏನು ಎತ್ತ ಕೇಳದೆ ಶಟರ್ ಎಳೆದು ಗಾಡಿ ಕರೆದ.

ಸೂಜಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಗರ್ಭಕೋಶದೊಳಗೆ ಬೆಳೆದ ಒಂದು ಸಣ್ಣ ಮಾಂಸದ ಕುಡಿ. ತೆಗೆದು ಮನೆಗೆ ಕಳಿಸಿದರು. ಇಷ್ಟಕ್ಕೆ ನಾನು ಎಷ್ಟು ನಿದ್ದೆಗೆಟ್ಟೆ ಎಂದು ಅವಳು ಅತ್ತಳು. ನಿದ್ದೆಗೆಡುವ ಬದಲು ಬೆಳಿಗ್ಗೆ ಎದ್ದು ಬಂದಿದ್ದರೆ ಆಗುತ್ತಿತ್ತು ಎಂದು ಬೀಗದಕ್ಕ ಈಗ ಬಾಯ್ತುಂಬ ಬೈದಳು.

ಮುರಿದ ಬೀಗದಕೈಯ ಚೂರನ್ನು ಅವಳು ಅಂಗಡಿಯ ಮೊಳೆಗೆ ನೇತುಹಾಕಿದ್ದಾಳೆ. ಇದೇನಕ್ಕ ಎಂದು ಕೇಳುವ ಪ್ರತಿ ಹೆಂಗಸಿಗೂ ಕಥೆ ಹೇಳುತ್ತಾಳೆ. ಕೇಳದವರನ್ನು ಕೂರಿಸಿ ಹೇಳುತ್ತಾಳೆ. ಸಂಜೆ ಗುಬ್ಬಿ ಬಂದ ಕೂಡಲೇ, ಕಳ್ಳ ಏನಾದರೂ ಹೇಳಿದನಾ ಎಂದು ವಿಚಾರಿಸುತ್ತಾಳೆ. ಇನ್ನೂ ಇಲ್ಲ ದೊಡ್ಡಮ್ಮ ಎಂದರೆ, ಬಿಡಬೇಡ ಎನ್ನುತ್ತಾಳೆ.

ಅಮ್ಮಂದಿರೇ, ಅಕ್ಕತಂಗಿಯರೇ, ಇಷ್ಟು ಹೊತ್ತು ನಕ್ಕಿದ್ದು ಸಾಕು, ಈಗ ಸ್ವಲ್ಪ ಸಿಟ್ಟು ಮಾಡಿಕೊಳ್ಳಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ, ಕಂದು ನೀರಿನಂತೆ ಕಂಡರೂ, ನೋವಿಲ್ಲದಿದ್ದರೂ, ಡಾಕ್ಟರಿಗೆ ತೋರಿಸಿ. ಮುಟ್ಟಾಗುವ ವಯಸ್ಸಿನವರು ನಡುನಡುವೆ ರಕ್ತ ಕಂಡರೆ, ವಿಪರೀತ ಹೋದರೆ, ಅದನ್ನೂ ಹೇಳಿ. ಯಾರೋ ಕೊಟ್ಟ ಹಾರ್ಮೋನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ. ಸಂಶೋಧನೆಗೆ ಚೂರು ಕೇಳಿದರೆ, ಯಾಕೆ ಎಂದು ಜೋರಾಗಿಯೇ ಕೇಳಿ. ಕೊಡುವುದು ಬಿಡುವುದು ನಿಮ್ಮ ಇಷ್ಟ.

ಬಟ್ಟೆ ಒಗೆಯುವ ಗಂಡಸರೇ, ಒಗೆಯದ ಗಂಡಸರೇ, ಕಲೆ ಕಂಡರೆ ಒಂದು ಸಲ ಕೇಳಿ ಸುಮ್ಮನಾಗಬೇಡಿ, ಎರಡನೇ ಸಲವೂ ಕೇಳಿ. ನಿಂಬೆಹಣ್ಣು ಕೆಳಗಿಡಿ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.